ಐದು ಗಂಟೆಯ ಗಾಳಿಸ್ನಾನ

"ಮನೆಯಲ್ಲಿ ಬಟ್ಟೆ ಒಗೆಯೋರು ಯಾರು?" ಎಂದು ಡಾಕ್ಟರಮ್ಮ ಕೇಳಿದಾಗ ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಅಷ್ಟು ಹೊತ್ತು ಅವರು ಕೇಳಿದ್ದೆಲ್ಲ ಕೆಮ್ಮಿನ ವಿಚಾರ, ಇಳಿದ ತೂಕದ ವಿಚಾರ, ಒಲೆಯ ಹೊಗೆಯ ವಿಚಾರ. ಅವಕ್ಕೆಲ್ಲ ಅಕ್ಕ ಚುಟುಕಾಗಿ ಉತ್ತರ ಕೊಡುತ್ತ ಬಂದಿದ್ದಳು. ಇದಕ್ಕೆ ಮಾತ್ರ ಅವಳಿಗೆ ನಗು ಬಂತು.

"ಇನ್ಯಾರು ಒಗೀತಾರೆ ಡಾಕ್ಟ್ರೇ, ಇವರು ಕಟ್ಟಿಕೊಂಡದ್ದು ನನ್ನೊಬ್ಬಳನ್ನೇ," ಎಂದು ಪಕ್ಕದಲ್ಲಿ ಕೂತಿದ್ದ ಭಾವನ ಕಡೆ ಗದ್ದ ಆಡಿಸಿದಳು. ನಕ್ಕ ತಪ್ಪಿಗೆ ಉಸಿರು ಸಿಕ್ಕಿಕೊಂಡು, ಮೇಜಿನ ಅಂಚು ಹಿಡಿದು ಸ್ವಲ್ಪ ಹೊತ್ತು ಬಗ್ಗಿ ಕೂತಳು.

"ಇವರ ಕೆಲಸ ಏನು?"

"ಬಸ್ ಡಿಪೋದಲ್ಲಿ ಬ್ರೇಕ್ ಮೇಸ್ತ್ರಿ ಆಗಿದ್ರು. ಮೂವತ್ತೊಂದು ವರ್ಷ. ಈಗ ರಿಟೈರ್ ಆಗಿ ಎರಡು ವರ್ಷ ಆಯ್ತು," ಎಂದೆ ನಾನು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬೆನ್ನಿಗೆ ಸೂಜಿ ಹಾಕಿ ಎದೆಯೊಳಗಿಂದ ತೆಗೆದ ನೀರಿನ ವರದಿ, ಚೂರು ಮಾಂಸ ತೆಗೆದು ನೋಡಿದ ವರದಿ, ಎರಡೂ ಅವರ ಮುಂದಿದ್ದವು. ಶ್ವಾಸಕೋಶದ ಸುತ್ತ ತೆಳ್ಳಗೆ ಒಂದು ಪೊರೆ ಇರುತ್ತದೆ, ಗಡ್ಡೆ ಬಂದಿರುವುದು ಆ ಪೊರೆಗೆ ಎಂದರು. ಇದು ಹೆಚ್ಚಾಗಿ ಬರುವುದು ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಧೂಳಿನಿಂದ. ಆಗೆಲ್ಲ ಬಸ್ಸಿನ ಬ್ರೇಕ್ ಪಟ್ಟಿಯಲ್ಲಿ ಕಲ್ನಾರು ಇರುತ್ತಿತ್ತು. ಕೆಲಸದವರ ಬಟ್ಟೆಯ ಮೇಲೆ ಕೂತು ಮನೆಗೆ ಬರುತ್ತಿತ್ತು. ಒಗೆಯುವ ಮುಂಚೆ ಕೊಡವಿದಾಗ ಕೊಡವಿದವರ ಉಸಿರಿಗೆ ಹೋಗುತ್ತಿತ್ತು. ಹೋದದ್ದು ಇಪ್ಪತ್ತು, ಮೂವತ್ತು ವರ್ಷ ಸುಮ್ಮನೆ ಕೂತಿರುತ್ತದೆ, ಆಮೇಲೆ ಏಳುತ್ತದೆ. ಇಷ್ಟನ್ನೂ ಅವರು ನಿಧಾನವಾಗಿ, ಬೀಜ ಬಿತ್ತುವವರ ಹಾಗೆ ಒಂದೊಂದೇ ಮಾತು ಇಳಿಸಿ ಹೇಳಿದರು. ವಾಸಿಯಾಗುತ್ತದೆ ಎನ್ನಲಿಲ್ಲ. ನೀರು ತುಂಬಿದಾಗ ತೆಗೆಸಲು ಬನ್ನಿ ಎಂದರು.

ಆಮೇಲೆ ಭಾವನ ಕಡೆ ತಿರುಗಿ, "ನೀವು ಅಲ್ಲೇ ಬಟ್ಟೆ ಬದಲಾಯಿಸಿ ಬರ್ತಿರಲಿಲ್ವ?" ಎಂದು ಕೇಳಿದರು.

ಭಾವ ತಮ್ಮ ಅಂಗೈ ನೋಡಿಕೊಂಡರು. "ಮೊದಮೊದಲು ಬದಲಾಯಿಸ್ತಿದ್ದೆ. ಆಮೇಲೆ ಸೋಮಾರಿತನ. ಮನೆಗೆ ಹೋಗೋ ಆತುರ. ಹಾಗೇ ಬಂದುಬಿಡ್ತಿದ್ದೆ."

"ಇಪ್ಪತ್ತೈದು ವರ್ಷ ಬಡ್ಕೊಂಡೆ ಡಾಕ್ಟ್ರೇ," ಎಂದಳು ಅಕ್ಕ. "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಇವನು ನನ್ನ ತಮ್ಮ, ಇವನದೂ ಅದೇ ಡಿಪೋ. ಇವನ ಅಂಗಿ ನೋಡಿ, ಇವರ ಅಂಗಿ ಹೇಗಿರ್ತಿತ್ತು ಅಂತ ಕೇಳಿ."

ನಾನು ತಲೆ ಎತ್ತಲಿಲ್ಲ. ಅದು ಸೋಮಾರಿತನವಲ್ಲ ಎಂಬುದು ಆ ಕೋಣೆಯಲ್ಲಿ ಭಾವನನ್ನು ಬಿಟ್ಟರೆ ನನಗೊಬ್ಬನಿಗೇ ಗೊತ್ತಿತ್ತು.

ನಮ್ಮ ಡಿಪೋ ಇರುವುದು ಪೇಟೆಗೂ ಹೊಲಗಳಿಗೂ ನಡುವೆ. ಒಂದು ಕಡೆಯ ಗೋಡೆಗೆ ಬಸ್ಸಿನ ಹೊಗೆ ಮೆತ್ತಿದ್ದರೆ ಇನ್ನೊಂದು ಕಡೆಯ ಗೋಡೆಗೆ ಯಾರೋ ದನ ಕಟ್ಟಿರುತ್ತಾರೆ. ಓಡುವ ಬಸ್ಸು ನಿಲ್ಲಬೇಕಾದರೆ ಏನಾದರೊಂದು ಸವೆಯಲೇಬೇಕು. ಮುದುಕಿಯೊಬ್ಬಳು ಕೈ ಅಡ್ಡ ಹಿಡಿದಾಗ, ಶಾಲೆಯ ಮಕ್ಕಳು ಇಳಿಯುವಾಗ, ಕರು ಅಡ್ಡ ಬಂದಾಗ, ಪ್ರತಿ ಸಲವೂ ಚಕ್ರದೊಳಗಿನ ಬ್ರೇಕ್ ಪಟ್ಟಿ ಒಂದು ಚಿಟಿಕೆ ಸವೆದು, ಅದರ ಪುಡಿ ಅಲ್ಲೇ, ಪಟ್ಟಿಯನ್ನು ಮುಚ್ಚಿದ ಕಬ್ಬಿಣದ ಡ್ರಮ್ಮಿನೊಳಗೆ ಕೂರುತ್ತದೆ. ಇಷ್ಟು ತಿಂಗಳಿಗೊಮ್ಮೆ ಎಂದು ಡ್ರಮ್ಮು ಬಿಚ್ಚಿ, ಗಾಳಿಯ ಪೈಪು ಹಿಡಿದು ಆ ಪುಡಿಯನ್ನು ಊದಿ ತೆಗೆಯುವುದು ಭಾವನ ಕಡೆಯವರ ಕೆಲಸ. ಕಣದಲ್ಲಿ ಹೊಟ್ಟು ತೂರಿದ ಹಾಗೆ ಬೂದು ಬಣ್ಣದ ಧೂಳು ಏಳುತ್ತಿತ್ತು. ಬ್ರೇಕಿನ ಷೆಡ್ಡಿನಲ್ಲಿ ಆರು ಜನ ಇದ್ದರು, ಆರೂ ಜನರ ಹುಬ್ಬು ಒಂದೇ ಬಣ್ಣ.

ಸಂಜೆ ಐದಕ್ಕೆ ಕೆಲಸ ಮುಗಿದ ಮೇಲೆ ಅವರು ಸಾಲಾಗಿ ನಿಲ್ಲುತ್ತಿದ್ದರು. ಒಬ್ಬ ಗಾಳಿಯ ಪೈಪು ಹಿಡಿದು ಉಳಿದವರ ಬೆನ್ನು, ತೋಳು, ತಲೆಗೂದಲನ್ನೆಲ್ಲ ಊದುತ್ತ ಹೋಗುತ್ತಿದ್ದ. ಇದಕ್ಕೆ ಅವರಿಟ್ಟ ಹೆಸರು ಗಾಳಿಸ್ನಾನ. "ತಿರುಗೋ, ಬೆನ್ನು ತೋರಿಸು, ನಿನ್ನ ಹೆಂಡ್ತಿಗೆ ಹೊಸ ಗಂಡನ್ನ ಕಳಿಸ್ತೀನಿ" ಎನ್ನುವುದು, ಕಾಲರಿನೊಳಗೆ ಪೈಪು ತೂರಿಸುವುದು, ಅಂಗಿ ಉಬ್ಬಿದವನು ಬೈಯುತ್ತ ಕುಣಿಯುವುದು, ಎಲ್ಲ ಹೊಳೆಗೆ ಇಳಿದ ಮಕ್ಕಳ ಆಟ. ಆಮೇಲೆ ಕೆಲಸದ ಬಟ್ಟೆ ಕಳಚಿ ಗೋಡೆಯ ಮೊಳೆಗೆ ಹಾಕಿ, ಮನೆಯ ಬಟ್ಟೆ ತೊಟ್ಟು ಹೊರಡುತ್ತಿದ್ದರು. ಶನಿವಾರ ಕೆಲಸದ ಬಟ್ಟೆಯನ್ನು ಡಿಪೋದ ತೊಟ್ಟಿಯಲ್ಲೇ ನೆನೆಸಿ ಒಗೆಯುತ್ತಿದ್ದರು.

ಆ ಡಿಪೋದಲ್ಲಿ ನನಗೆ ಕೆಲಸ ಕೊಡಿಸಿದವರೇ ಭಾವ. ನನಗೆ ಏಳು ವರ್ಷವಾಗಿದ್ದಾಗ ಅಮ್ಮ ಹೋದಳು. ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಅಕ್ಕ ನನ್ನನ್ನು ಸಾಕಿದಳು. ಮದುವೆಯಾದಾಗ, ತಮ್ಮನೂ ನನ್ನ ಜೊತೆ ಬರುತ್ತಾನೆ ಎಂದು ಮೊದಲೇ ಹೇಳಿಯೇ ಹೊರಟಳು. ಅವರಿಗೆ ಮಕ್ಕಳಾಗಲಿಲ್ಲ. ಮಗನೋ ತಮ್ಮನೋ, ಎರಡೂ ನಾನೇ. ಇಪ್ಪತ್ತೇಳು ವರ್ಷದ ಹಿಂದೆ ಡಿಪೋದಲ್ಲಿ ಬೇರಿಂಗು, ತಾಮ್ರದ ಕೊಳವೆ ಕಳುವಾಗತೊಡಗಿ, ನಾಲ್ಕು ಕ್ಯಾಮೆರಾ ತಂದು ಹಾಕಿದರು. ನೋಡುತ್ತ ಕೂರಲು ಒಬ್ಬ ಬೇಕಿತ್ತು. ಭಾವ ಮ್ಯಾನೇಜರ ಹತ್ತಿರ ಮೂರು ದಿನ ನಿಂತು ಆ ಕುರ್ಚಿಯನ್ನು ನನಗೆ ಕೊಡಿಸಿದರು.

ಕಿಟಕಿ ಮುಚ್ಚಿದ ಕೋಣೆ, ಒಂದು ಫ್ಯಾನು, ನಾಲ್ಕು ಭಾಗವಾದ ಕಪ್ಪುಬಿಳುಪು ಟೀವಿ. ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಕೂತಿರುತ್ತಾನೆ ಎಂದು ಷೆಡ್ಡಿನವರು ನನಗೆ ಗೂಬೆ ಎಂದು ಹೆಸರಿಟ್ಟರು. "ಏನೋ ಗೂಬೆ, ಇವತ್ತು ನಾನು ಎಷ್ಟು ಸಲ ಮೂಗು ಕೆರ್ಕೊಂಡೆ, ಲೆಕ್ಕ ಹೇಳು" ಎಂದು ರೇಗಿಸುತ್ತಿದ್ದರು.

ಮೂರನೆಯ ಕ್ಯಾಮೆರಾ ಬ್ರೇಕಿನ ಷೆಡ್ಡಿನದು. ಐದು ಗಂಟೆಗೆ ಸರಿಯಾಗಿ ಆ ಚಿತ್ರ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತಿತ್ತು. ಆರು ಜನ ಅದರೊಳಗೆ ಕರಗಿಹೋಗುತ್ತಿದ್ದರು. ಧೂಳು ಇಳಿದ ಮೇಲೂ ಕ್ಯಾಮೆರಾದ ಗಾಜಿನ ಮೇಲೆ ಬೂದಿಯ ಪದರ ಉಳಿಯುತ್ತಿತ್ತು. ನಾನು ಏಣಿ ಹತ್ತಿ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿ ಬರುತ್ತಿದ್ದೆ. ಹೀಗೆ ಮೂರು ತಿಂಗಳು ಒರೆಸಿ ಒರೆಸಿ ಬೇಸತ್ತು, ಮ್ಯಾನೇಜರಿಗೆ ಒಂದು ಕಾಗದ ಬರೆದೆ. ಅದರ ಒಂದೊಂದು ಅಕ್ಷರವೂ ನೆನಪಿದೆ. 'ಸಂಜೆ ಐದರಿಂದ ಐದೂಕಾಲರವರೆಗೆ ಮೂರನೆಯ ಕ್ಯಾಮೆರಾದಲ್ಲಿ ಏನೂ ಕಾಣುವುದಿಲ್ಲ. ಸಿಬ್ಬಂದಿ ಗಾಳಿ ಹೊಡೆದುಕೊಂಡು ಬಟ್ಟೆ ಬದಲಿಸುವುದು ಇದೇ ಹೊತ್ತಿನಲ್ಲಿ. ಈ ಮರೆಯಲ್ಲಿ ಯಾರು ಏನು ಒಯ್ದರೂ ತಿಳಿಯುವುದಿಲ್ಲ.'

ಮ್ಯಾನೇಜರು ಮೆಚ್ಚಿದರು. ಮುಂದಿನ ವಾರವೇ ನೋಟೀಸು ಅಂಟಿತು. ಮೈಮೇಲೆ ಗಾಳಿ ಹೊಡೆದುಕೊಳ್ಳಬಾರದು. ಷೆಡ್ಡಿನಲ್ಲಿ ಬಟ್ಟೆ ಬದಲಿಸಬಾರದು, ಇಡಬಾರದು. ಕೆಲಸ ಮಾಡಿದ ಬಟ್ಟೆಯಲ್ಲೇ ಕ್ಯಾಮೆರಾದ ಮುಂದೆ ಹಾದು ಗೇಟು ದಾಟಬೇಕು. ಅಂದಿನಿಂದ ಮೂರನೆಯ ಚಿತ್ರ ಕನ್ನಡಿಯಂತೆ ಸ್ಪಷ್ಟವಾಯಿತು. ಐದು ಗಂಟೆಗೆ ಆರು ಜನ ಬೂದಿಯಲ್ಲಿ ಹೊರಳಿದವರ ಹಾಗೆ ಒಬ್ಬರ ಹಿಂದೊಬ್ಬರು ನಡೆದು ಹೋಗುವುದನ್ನು ನೋಡಿ, ನನ್ನ ಮಾತು ನಡೆಯಿತು ಎಂದು ಹಿಗ್ಗಿದೆ. ಮರುವರ್ಷ ಕಳ್ಳ ಸಿಕ್ಕಿದ. ಉಗ್ರಾಣದ ಗುಮಾಸ್ತ. ಹಳೆಯ ಕಬ್ಬಿಣ ಎಂದು ಚೀಟಿ ಬರೆದು, ಮುಂದಿನ ಗೇಟಿನಿಂದಲೇ, ಹಾಡುಹಗಲಲ್ಲೇ ಸಾಗಿಸುತ್ತಿದ್ದ. ಆದರೂ ನೋಟೀಸನ್ನು ಯಾರೂ ಕೀಳಲಿಲ್ಲ. ಹಾಕಿದ ಬೇಲಿ ಹಾಗೇ ಉಳಿಯಿತು. ಪಟ್ಟಿಗಳು ಬದಲಾಗಿ ಬೇರೆ ಥರದವು ಬರುವವರೆಗೂ, ಹದಿನೇಳು ವರ್ಷ, ಭಾವ ಆ ಕಲ್ನಾರಿನ ಧೂಳನ್ನು ಹೊತ್ತೇ ಮನೆಗೆ ಬಂದರು.

ಅಕ್ಕ ಅವರ ಬಟ್ಟೆಯನ್ನು ಬಾವಿಯ ಹತ್ತಿರ ಒಯ್ದು, ಮೊದಲು ಒಣಗಿದ್ದಾಗಲೇ ಕೊಡವುತ್ತಿದ್ದಳು. ನೀರಿಗೆ ಹಾಕಿದರೆ ಕೆಸರಾಗುತ್ತದೆ, ಇನ್ನೆರಡು ಕೊಡ ನೀರು ಸೇದಬೇಕು ಎಂಬ ಲೆಕ್ಕ. ಪ್ಯಾಂಟಿನ ಎರಡು ಕಾಲು ಹಿಡಿದು ಒಗೆಯುವ ಕಲ್ಲಿಗೆ ಬಡಿದರೆ ಧೂಳೆದ್ದು ಕೋಳಿಗಳೂ ದೂರ ಸರಿಯುತ್ತಿದ್ದವು. "ಅಲ್ಲೇ ಹತ್ತು ನಿಮಿಷ ನಿಂತು ಕೊಡವಿಕೊಂಡು ಬಂದ್ರೆ ಇವರ ಗಂಟು ಹೋಗುತ್ತಾ? ಆರು ಜನ ಗಂಡಸರು, ಒಬ್ಬರಿಗೂ ಮೈಮೇಲೆ ಜ್ಞಾನ ಇಲ್ಲ," ಎಂದು ಸೀನುತ್ತಲೇ ಬೈಯುತ್ತಿದ್ದಳು. ಭಾವ ದನಕ್ಕೆ ಹುಲ್ಲು ಹಾಕುತ್ತ, "ನಾಳೆಯಿಂದ, ನಾಳೆಯಿಂದ" ಎನ್ನುತ್ತಿದ್ದರು. ನಾನು ಒಳಗೆ ತಟ್ಟೆಯ ಮುಂದೆ ಕೂತು ಎಲ್ಲವನ್ನೂ ಕೇಳುತ್ತಿದ್ದೆ. ನನ್ನ ಮದುವೆಯಾಗಿ ಪಕ್ಕದ ಬೀದಿಗೆ ಹೋಗುವವರೆಗೆ, ನಾಲ್ಕು ವರ್ಷ, ದಿನಾ ಕೇಳಿದ್ದೇನೆ. ಧೂಳು ಎಂದರೆ ಧೂಳು, ಹೊಲದಲ್ಲಿಲ್ಲವೇ ಎಂದುಕೊಂಡಿದ್ದೆ.

ಅಂದು ಆಸ್ಪತ್ರೆಯ ಔಷಧಿ ಕಿಟಕಿಯ ಸಾಲಿನಲ್ಲಿ ನಿಂತಾಗ ನಾನು ಕೇಳಿದೆ. ಅಕ್ಕ ದೂರದ ಬೆಂಚಿನಲ್ಲಿ ಕೂತಿದ್ದಳು.

"ಭಾವ, ಒಳಗೆ ಯಾಕೆ ಹಾಗೆ ಹೇಳಿದ್ರಿ?"

"ಹೇಗೆ?"

"ಸೋಮಾರಿತನ ಅಂತ. ಆ ನೋಟೀಸು ಬಂದದ್ದು..."

"ನೀನು ಬರೆದ ಕಾಗದದಿಂದ. ಗೊತ್ತು ಬಿಡು." ಅವರು ಚೀಟಿಯನ್ನು ಮಡಿಸುತ್ತ, ಬಿಚ್ಚುತ್ತ ಇದ್ದರು. "ಮ್ಯಾನೇಜರು ಅವತ್ತೇ ಕರೆದು ತೋರಿಸಿದ್ರು. ನಿಮ್ಮ ಹುಡುಗ ಚುರುಕಿದ್ದಾನೆ ಅಂತ ಬೆನ್ನು ಬೇರೆ ತಟ್ಟಿದ್ರು ನಂಗೆ."

"ಅಕ್ಕನಿಗೆ ಹೇಳ್ಬೇಕಿತ್ತಲ್ಲ."

"ಹೇಳಿ? ಅವಳ ಮನೇಲೇ ಉಣ್ತಿದ್ದೆ ನೀನು. ನಿಮ್ಮಿಬ್ಬರಿಗೂ ತಂದಿಟ್ಟು ನಾನು ತಮಾಷೆ ನೋಡ್ಲಾ? ಬೈಗುಳ ತಾನೇ, ಅದೇನು ಚುಚ್ಚುತ್ತಾ?"

"ಈಗಲಾದ್ರೂ ಹೇಳ್ತೀನಿ."

"ಬೇಡ. ಅವಳಿಗೆ ಇರೋರು ನಾವಿಬ್ಬರೇ. ಒಬ್ಬನ ಮೇಲೆ ಸಿಟ್ಟು ಬಂದರೆ ಇನ್ನೊಬ್ಬನ ಹತ್ರ ಹೇಳ್ಕೋತಾಳೆ. ಇಬ್ಬರ ಮೇಲೂ ಬಂದರೆ ಎಲ್ಲಿಗೆ ಹೋಗ್ತಾಳೆ?" ಸಾಲು ಮುಂದೆ ಸರಿಯಿತು. "ನಡಿ, ನಿನ್ನಿಂದ ಹಿಂದಿನವರಿಗೆ ತಡ."

ಬಸ್ಸಿನಲ್ಲಿ ವಾಪಸು ಬರುವಾಗ ಡ್ರೈವರು ಒಂದೊಂದು ನಿಲ್ದಾಣಕ್ಕೂ ಬ್ರೇಕು ಒತ್ತುತ್ತಿದ್ದ. ಅಕ್ಕ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಭಾವ ಮುಂದಿನ ಸೀಟಿನಲ್ಲಿ ಒಬ್ಬರೇ ಕೂತಿದ್ದರು.

ಮರುವಾರ ನಾನು ಪೇಟೆಯ ಗ್ರಂಥಾಲಯಕ್ಕೆ ಹೋಗಿ ಕಲ್ನಾರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಯಾರಿಗೂ ಗೊತ್ತಿರಲಿಲ್ಲ ಎಂದು ಎಲ್ಲಾದರೂ ಬರೆದಿದ್ದರೆ ಸಾಕು ಎನ್ನುವುದು ನನ್ನ ಆಸೆ. ಹಾಗೆ ಬರೆದಿರಲಿಲ್ಲ. ಹಿಂದೆ ಯಾರೋ ರಾಜ ಕಲ್ನಾರಿನ ಬಟ್ಟೆಯನ್ನು ಬೆಂಕಿಗೆ ಎಸೆದು, ಕೊಳೆ ಮಾತ್ರ ಸುಟ್ಟು ಶುಭ್ರವಾಗಿ ಹೊರಬಂದದ್ದನ್ನು ಅತಿಥಿಗಳಿಗೆ ತೋರಿಸುತ್ತಿದ್ದನೆಂದು ಒಂದು ಕಥೆ ಇತ್ತು. ಒಗೆಯುವ ಕಷ್ಟವಿಲ್ಲದ ಬಟ್ಟೆ. ಅದರ ಮುಂದಿನ ಪುಟದಲ್ಲೇ ಇನ್ನೊಂದು. ನೂರಿಪ್ಪತ್ತು ವರ್ಷಕ್ಕೂ ಹಿಂದೆ, ದೂರದೇಶದಲ್ಲಿ, ಕಾರ್ಖಾನೆಗಳ ತನಿಖೆಗೆ ಹೋಗುತ್ತಿದ್ದ ಒಬ್ಬ ಹೆಂಗಸು ಈ ಧೂಳಿನ ಬಗ್ಗೆ ಸರ್ಕಾರಕ್ಕೆ ಬರೆದಿದ್ದಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದರ ಕಣಗಳು ಗಾಜಿನ ಚೂರಿನ ಹಾಗೆ ಮೊನಚಾಗಿವೆ, ಗಾಳಿಯಲ್ಲಿದ್ದರೆ ಕೇಡು ಎಂದು. ವರದಿ ಅಚ್ಚಾಯಿತು, ಕಪಾಟು ಸೇರಿತು. ಎಷ್ಟೋ ಕಾಲ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಅವಳೂ ನೋಡುವ ಕೆಲಸದವಳು, ನಾನೂ ನೋಡುವ ಕೆಲಸದವನು. ಅವಳು ಧೂಳು ನೋಡಿ ಧೂಳಿನ ಬಗ್ಗೆ ಬರೆದಳು. ನಾನು ಕ್ಯಾಮೆರಾದ ಗಾಜಿನ ಬಗ್ಗೆ ಬರೆದೆ. ಅವಳ ಮಾತು ಯಾರೂ ಕೇಳಲಿಲ್ಲ, ನನ್ನದನ್ನು ಒಂದೇ ವಾರದಲ್ಲಿ ಕೇಳಿದರು. ಗಾಳಿಸ್ನಾನವೂ ಒಳ್ಳೆಯದೇನಲ್ಲ, ಆ ಆರು ಜನರ ಮೂಗಿಗೇ ಹೋಗುತ್ತಿತ್ತು ಎಂದು ಡಾಕ್ಟರಮ್ಮ ಆಮೇಲೊಮ್ಮೆ ಹೇಳಿದರು. ಇರಬಹುದು. ಆದರೆ ಅದಿದ್ದಿದ್ದರೆ ಅಕ್ಕನ ಬಾವಿಯವರೆಗೆ ಇಷ್ಟು ಧೂಳು ಬರುತ್ತಿರಲಿಲ್ಲ.

ಎರಡು ತಿಂಗಳಲ್ಲಿ ಅಕ್ಕ ಅರ್ಧವಾದಳು. ನೀರು ತೆಗೆಸಿದ ನಾಲ್ಕು ದಿನ ಉಸಿರಾಡುವಳು, ಮತ್ತೆ ತುಂಬುವುದು. ಭಾವ ಅವಳ ಬಟ್ಟೆ ಒಗೆದರು, ದನ ಕರೆದರು, ತಲೆ ಬಾಚಿದರು. ತಮ್ಮ ಬಟ್ಟೆಯನ್ನು ಬಾವಿಯಿಂದ ಬಹಳ ದೂರ ಒಯ್ದು, ಈಗ ಅದರಲ್ಲಿ ಏನೂ ಇಲ್ಲದಿದ್ದರೂ, ಎರಡೆರಡು ಸಲ ಜಾಲಿಸುತ್ತಿದ್ದರು. ಅಕ್ಕನಿಗೆ ಅದು ಕಂಡರೆ ಇನ್ನೂ ಉರಿ. "ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕ್ತಿದ್ದಾರೆ," ಎನ್ನುವಳು. ಬಚ್ಚಲಿಗೆ ಹೋಗಲು ಅವರು ತೋಳು ಕೊಟ್ಟರೆ, "ನೀವು ಬಿಡಿ, ಮರಿ ಬರಲಿ," ಎನ್ನುವಳು. ಮರಿ ಎಂದರೆ ನಾನು. ಐವತ್ತೊಂದು ವರ್ಷದ ಮರಿ ಡ್ಯೂಟಿ ಬಿಟ್ಟು ಓಡಿಬರುತ್ತಿತ್ತು. ಭಾವ ಗೋಡೆಗೆ ಒತ್ತಿಕೊಂಡು ನಮಗೆ ದಾರಿ ಬಿಡುತ್ತಿದ್ದರು.

ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ನೋಡಲು ಬಂದಿದ್ದಳು. ನಾನು ಮಂಚದ ತಲೆಯ ಕಡೆ ಕೂತು ಬೀಸಣಿಗೆ ಹಾಕುತ್ತಿದ್ದೆ. ಅಕ್ಕ ಮಾತನ್ನು ತುಂಡು ತುಂಡು ಮಾಡಿ ಆಡಿದಳು. "ಹತ್ತು ನಿಮಿಷ. ಹತ್ತೇ ನಿಮಿಷ ಅಲ್ಲಿ ನಿಂತಿದ್ರೆ... ನಾನು ಇನ್ನೂ ಹತ್ತು ವರ್ಷ ಇರ್ತಿದ್ದೆ. ಅಷ್ಟೂ ಬಾಳಲಿಲ್ಲ ನಾನು ಇವರ ಕಣ್ಣಿಗೆ."

ಬಾಗಿಲ ಹೊರಗೆ ಹಾಲಿನ ಪಾತ್ರೆ ಹಿಡಿದು ನಿಂತಿದ್ದ ಭಾವನ ಕಾಲು ಮಾತ್ರ ನನಗೆ ಕಾಣುತ್ತಿತ್ತು. ಒಂದು ಹೆಜ್ಜೆ ಒಳಗೆ ಬಂದಿದ್ದ ಆ ಕಾಲು ಹಿಂದಕ್ಕೆ ಸರಿಯಿತು.

ಪಕ್ಕದ ಮನೆಯಾಕೆ ಹೋದ ಮೇಲೆ ನಾನು ಬೀಸಣಿಗೆ ಕೆಳಗಿಟ್ಟೆ. "ಅಕ್ಕ, ಭಾವ ಸೋಮಾರಿಯಲ್ಲ," ಎಂದು ಶುರು ಮಾಡಿ ಎಲ್ಲ ಹೇಳಿದೆ. ಗಾಳಿಸ್ನಾನ, ಬೆಳ್ಳಗಾಗುತ್ತಿದ್ದ ಚಿತ್ರ, ಏಣಿ, ಕಾಗದ, ನೋಟೀಸು. ಅವಳು ಸೂರು ನೋಡುತ್ತ ಕೇಳಿದಳು. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಇವರಿಗೆ ಗೊತ್ತಿತ್ತಾ, ಬರೆದೋನು ನೀನು ಅಂತ?"

"ಮೊದಲನೇ ದಿನದಿಂದ ಗೊತ್ತಿತ್ತು."

ಅವಳು ಕಣ್ಣು ಮುಚ್ಚಿದಳು. ರೆಪ್ಪೆಯ ಸಂದಿಯಿಂದ ನೀರು ಕಿವಿಯ ಕಡೆ ಹರಿಯಿತು. ಒರೆಸಲು ಕೈ ಚಾಚಿದೆ. ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

"ನೀನು ಮನೆಗೆ ಹೋಗು," ಎಂದಳು. ಆಮೇಲೆ, "ಅವರನ್ನ ಕಳಿಸು."

ಹೊರಗೆ ಭಾವ ಎಲ್ಲ ಕೇಳಿಸಿಕೊಂಡಿದ್ದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದನಿ ಮಾತ್ರ ಏರಲಿಲ್ಲ. "ನಿನ್ನ ಎದೆ ಹಗುರ ಮಾಡ್ಕೊಂಡೆ. ಅವಳ ಎದೇಲಿ ಜಾಗ ಎಲ್ಲಿದೆ ಅಂತ ನೋಡಿದ್ಯಾ?" ಎಂದು ಹೇಳಿ, ಪಾತ್ರೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಮರುದಿನದಿಂದ ನಾನು ಜಗುಲಿಯ ಮೇಲೆ ಕೂರತೊಡಗಿದೆ. ಡ್ಯೂಟಿಗೆ ರಜೆ ಹಾಕಿದ್ದೆ. ಒಳಗಿನಿಂದ ಇಬ್ಬರ ಮಾತು ಕೇಳುತ್ತಿತ್ತು. ಏನು ಮಾತೋ ತಿಳಿಯದು. ಮೊದಲೆರಡು ದಿನ ಅಕ್ಕ ಅಳುವುದು, ಭಾವ "ಆಯ್ತು ಬಿಡೇ, ಆಯ್ತು ಬಿಡೇ" ಎನ್ನುವುದು. ಆಮೇಲೆ ಸಣ್ಣ ದನಿಯಲ್ಲಿ ಗಂಟೆಗಟ್ಟಲೆ ಪಿಸುಮಾತು. ಮಕ್ಕಳು ಮರಿ ಇಲ್ಲದ ಮನೆಯಲ್ಲಿ ಹೊಸದಾಗಿ ಮದುವೆಯಾದವರು ಹಾಗೆ ಮಾತಾಡುತ್ತಾರೆ. ನಾನು ಆ ಮನೆಗೆ ಅಕ್ಕನ ಜೊತೆಯೇ ಬಂದವನಾದ್ದರಿಂದ ಅವರಿಗೆ ಅಂಥ ದಿನಗಳು ಆಗ ಸಿಕ್ಕಿರಲಿಲ್ಲ ಎಂಬುದು ಜಗುಲಿಯಲ್ಲಿ ಕೂತಾಗ ಹೊಳೆಯಿತು. ಒಮ್ಮೆ ಭಾವ ಏನೋ ಹೇಳಿದ್ದಕ್ಕೆ ಅವಳು ನಕ್ಕು, ಕೆಮ್ಮಿ, ಕೆಮ್ಮುತ್ತಲೇ ಅವರನ್ನು ಬೈದಳು.

ಭಾವ ಹೊರಗೆ ಬಂದಾಗಲೆಲ್ಲ ನಾನು ಏಳುತ್ತಿದ್ದೆ. "ಇವತ್ತು ಬೇಡವಂತೆ," ಎನ್ನುತ್ತಿದ್ದರು. ಸಿಟ್ಟು ಅವರಿಗೆ ಆಗಲೇ ಇಳಿದಿತ್ತು. ಹತ್ತನೆಯ ದಿನವೋ ಏನೋ, ನನ್ನ ಪಕ್ಕ ಕೂತು ಹೇಳಿದರು.

"ಬರೆದಿದ್ದಕ್ಕೆ ಅವಳಿಗೆ ಬೇಜಾರಿಲ್ಲ ಕಣೋ. ಹೊಸ ಕೆಲಸ, ಉಳಿಸ್ಕೊಳ್ಳೋಕೆ ಬರೆದಿದ್ದಾನೆ, ಅವನಿಗೇನು ಗೊತ್ತು ಅಂದ್ಲು."

"ಮತ್ತೆ?"

ಅವರು ಅಂಗಳದ ಕಡೆ ನೋಡುತ್ತಿದ್ದರು. "ನಾನು ನಿಮ್ಮನ್ನ ಅಷ್ಟು ಬೈತಿದ್ದಾಗ, ಅವನು ಒಳಗೆ ಕೂತು ಸುಮ್ಮನೆ ಉಣ್ತಿದ್ದನಲ್ಲ ಅಂತಾಳೆ. ಒಂದು ದಿನ ಬಾಯಿ ಬಿಟ್ಟಿದ್ರೆ ಆಗ್ತಿತ್ತಲ್ಲ ಅಂತ."

"ನಾಳೆ ಕೇಳ್ತೀನಿ. ಹಟ ಜಾಸ್ತಿ ನಿಮ್ಮ ವಂಶಕ್ಕೆ," ಎಂದು ಎದ್ದು ಹೋದರು.

ನಾಳೆಯೂ ಕೇಳಿದರು, ನಾಡಿದ್ದೂ ಕೇಳಿದರು. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ನಾನು ಬಂದು ಕೂತಾಗ ಒಳಗೆ ಮಾತಿರಲಿಲ್ಲ. ಬಿಸಿಲು ಜಗುಲಿಯ ಅಂಚಿಗೆ ಬರುವ ಹೊತ್ತಿಗೆ ಭಾವ ಬಾಗಿಲಿಗೆ ಬಂದರು. ತೋಳು ಮಡಿಸಿದ ಅಂಗಿ, ಕೆದರಿದ ಕೂದಲು.

"ಒಳಗೆ ಬಾ," ಎಂದರು.

ನಾನು ಅವರ ಮುಖ ನೋಡಿದೆ. "ಕರೆದ್ಲಾ?"

ಅವರು ತಲೆಯಾಡಿಸಲಿಲ್ಲ, ಅಲ್ಲ ಎನ್ನಲೂ ಇಲ್ಲ. ನನಗೆ ಅರ್ಥವಾಯಿತು. ಕರೆಯದ ಮನೆಗೆ ಹೇಗೆ ಹೋಗುವುದು ಎಂದು ಏನೇನೋ ತೊದಲಿದೆ.

ಭಾವ ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. "ಮಂಚದಿಂದ ಕೆಳಗೆ ಇಳಿಸಬೇಕು," ಎಂದರು. "ಹೂವಿನ ಹಾಗೆ ಆಗಿದ್ದಾಳೆ. ಆದ್ರೂ ಒಬ್ಬನಿಂದ ಆಗಲ್ಲ ಕಣೋ."